ಖಾಲಿ ಪೀಠಕ್ಕೂ ಒಂದು ಬೊಟ್ಟು

ಬೀಗವಿರಲಿಲ್ಲ ಆ ಕೋಣೆಗೆ.
ಚಿಲಕಕ್ಕೆ ಮುರಿದ ಬ್ರಷ್ಷೊಂದನ್ನು ಸಿಕ್ಕಿಸಿರುತ್ತಿದ್ದರು.
ಒಳಗೆ ಸುಣ್ಣದ ವಾಸನೆ, ಪಾರಿವಾಳದ ಗಲೀಜು,
ಗೋಡೆಗೆ ಬೆನ್ನು ಕೊಟ್ಟ ಎಂಟು ಜನ ಬಿಳೀ ಹೆಂಗಸರು.

ಒಂಬತ್ತು ಬಂದಿದ್ದರಂತೆ, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ, ಹಡಗು ಹತ್ತಿ,
ಮೈಸೂರಿನ ಗಂಡುಹುಡುಗರು ಸೆರಗು ಬರೆಯುವುದು ಕಲಿಯಲೆಂದು.
ಗ್ರೀಸಿನಲ್ಲಿ ಕಂಚಾಗಿದ್ದವರು
ರೋಮಿನಲ್ಲಿ ಅಮೃತಶಿಲೆಯಾಗಿ
ಲಂಡನ್ನಿನಲ್ಲಿ ಪ್ಲಾಸ್ಟರಾಗಿ
ಇಲ್ಲಿ, ಆ ತರಗತಿಗೆ ಒಬ್ಬಳೇ ಹುಡುಗಿಯಾದ ನನ್ನ ಕೈಯಲ್ಲಿ,
ಬರೀ ಇದ್ದಿಲ ಮಸಿ.

ವೀರಣ್ಣಾಚಾರ್ ಮೇಷ್ಟ್ರು ಬೆತ್ತದ ತುದಿಯಿಂದ ಪರಿಚಯ ಮಾಡಿಸಿದರು:
ಇವಳು ಚರಿತ್ರೆಯವಳು. ಸುರುಳಿ ಉಂಟು, ಬೆರಳಿಲ್ಲ.
ಇವಳು ನಕ್ಷತ್ರದವಳು. ಗೋಳವನ್ನು ಹಾಸ್ಟೆಲ್ಲಿನವರು ಚೆಂಡಾಟಕ್ಕೆ ಒಯ್ದರು.
ಅಳುಮುಖವಾಡದವಳು ಇವಳು. ನಗುಮುಖವಾಡದವಳು...
ಅಗೋ, ಆ ಖಾಲಿ ಪೀಠ.
ಸುಣ್ಣ ಬಳಿಯುವಾಗ ಏಣಿ ಜಾರಿತು.

'ನಮ್ಮ ಶಾರದೆ ವೀಣೆ, ಪುಸ್ತಕ, ಜಪಮಾಲೆ
ಎಲ್ಲ ಒಬ್ಬಳೇ ಹೊತ್ತಳು, ಪಾಪ.
ಇವರು ಒಂಬತ್ತು ಪಾಲು ಮಾಡಿಕೊಂಡರು.
ಆದರೂ ಕೈ ಉಳಿಯಲಿಲ್ಲ ನೋಡಿ.'
ಮೇಷ್ಟ್ರು ನಕ್ಕರೋ ಕೆಮ್ಮಿದರೋ.

ಬಂಡೆಗೆ ಮೊಣಕೈ ಊರಿ, ಮೈತುಂಬ ಹೊದ್ದು,
ಗಲ್ಲಕ್ಕೆ ಕೈ ಕೊಟ್ಟವಳು ನನ್ನ ಪಾಲಿಗೆ ಬಂದಳು.
ಮೂರು ವಾರ.
ಹಾಳೆಯ ಮೇಲೆ ಅವಳ ಹೊದಿಕೆ ರಾಗಿ ಮೂಟೆಯಾಯಿತು.

ನಾರಿನ ಬ್ರಷ್ಷಿನಲ್ಲಿ ಅವರ ಮೂಗು ಕಿವಿ ಒರೆಸುವ ಪುಟ್ಟನಂಜಮ್ಮ
ಹಿಂದೆ ಬಂದು ನಿಂತಳು.
'ನೀನೂ ಸೀರೆ ಉಡೋಳೆ ಅಲ್ವ?
ಬಟ್ಟೆ ಸುಮ್ಕೆ ಬೀಳಕಿಲ್ಲ ಕಣವ್ವ,
ಮೈ ಎಲ್ಲಿ ತಡೀತದೋ ಅಲ್ಲಿ ನಿಂತ್ಕತದೆ.'
ಸೆರಗು ಬಿಚ್ಚಿ ಹೊದ್ದಳು, ಕಿಟಕಿ ಕಟ್ಟೆಗೆ ಮೊಣಕೈ ಕೊಟ್ಟಳು,
ಆಚೆ ಒಂದು ಟಾಂಗಾ ಅರಮನೆ ಕಡೆ ತಿರುಗಿ ಮರೆಯಾಗುವಷ್ಟು ಹೊತ್ತು
ಹಾಗೇ ಇದ್ದಳು.

'ಯಾರ್ನೋ ಕಾಯ್ತಾವ್ಳೆ ಅಂದ್ಕಂಡಿದ್ಯಾ? ಇಲ್ಲ ಬುಡು.
ಏನೋ ಮರ್ತವ್ಳೆ. ನೆಪ್ಪು ಮಾಡ್ಕತಾವ್ಳೆ.'

ಇವರೆಲ್ಲರ ತಾಯಿಯ ಹೆಸರೇ ನೆನಪು
ಎಂದು ಮೇಷ್ಟ್ರು ಪಾಠ ಮಾಡಿದ್ದು ಅದಾಗಿ ಎಂಟು ದಿನಕ್ಕೆ.
ನಾನು ಬಾಗಿಲ ಕಡೆ ನೋಡಿದೆ.
ಅವಳು ವರಾಂಡದಲ್ಲಿ ಬಕೆಟ್ಟು ತೊಳೆಯುತ್ತಿದ್ದಳು.

ಆಯುಧಪೂಜೆಗೆ ಉಳಿ, ಸುತ್ತಿಗೆ, ಈಸೆಲ್ಲು, ಆಫೀಸಿನ ಸೈಕಲ್ಲು
ಎಲ್ಲಕ್ಕೂ ಕುಂಕುಮ. ಎಂಟು ಹಣೆಗೂ ಇಟ್ಟುಬಿಟ್ಟಳು.
ಪ್ಲಾಸ್ಟರು ಬಾಯಾರಿತ್ತು, ಕುಡಿಯಿತು.
ಸೋಪು, ಸ್ಪಿರಿಟ್ಟು, ಬ್ಲೇಡು, ಯಾವುದಕ್ಕೂ ಹೋಗಲಿಲ್ಲ.
ಪ್ರಿನ್ಸಿಪಾಲರು ಕೂಗಾಡಿದರು.
ಖಾಲಿ ಪೀಠದ ಮೇಲಿನ ಬೊಟ್ಟನ್ನು ಮಾತ್ರ
ಯಾರೂ ಗಮನಿಸಲಿಲ್ಲ.

ಪರೀಕ್ಷೆಯಲ್ಲಿ ಐದು ಅಂಕ ಕಳೆದರು ನನಗೆ.
ಹಾಳೆಯ ಅಂಚಿನಲ್ಲಿ ಕೆಂಪು ಶಾಯಿ ಕೇಳಿತ್ತು:
ಗ್ರೀಕರ ಪಾದಕ್ಕೆ ಕಾಲುಂಗುರ ಎಲ್ಲಿಂದ ಬಂತು?

ಬಗ್ಗಿ ನೋಡಿದೆ.
ಹೌದು, ಇತ್ತು. ಎರಡು ಸುತ್ತಿನದು,
ಸವೆದದ್ದು.