ಎರಡು ಬೊಟ್ಟು

ಆದಿತ್ವಾರ ಅಂದ್ರ ಸಾಂಕವಾಳದ ಇಗರ್ಜಿ ಮೈದಾನ.
ಹನ್ನೆರಡರೊಳಗಿನ ಹುಡುಗರ ಲೀಗು.
ಸುಣ್ಣದ ಗೆರಿ ನಾನಽ ಎಳದದ್ದು,
ಗೂಟ ಬಡದು, ನೂಲು ಕಟ್ಟಿ, ಪುಕ್ಕಟ.
ಗೌಂಡಿ ಕಣ್ಣಿಗೆ ಸೊಟ್ಟ ಗೆರಿ ಅಂದ್ರ
ಅನ್ನದಾಗ ಹಳ್ಳು ಕಡದಂಗ.

ಗೆರಿ ಆಚಿಗೆ ತಂದಿತಾಯಿ.
ಕುರ್ಚಿ ತರವ್ರು, ಛತ್ರಿ ತರವ್ರು,
ಕೊಂಕಣಿ, ಹಿಂದಿ, ಇಂಗ್ಲೀಷು
ಮೂರೂ ಒಂದಽ ಉಸುರಿನ್ಯಾಗ ಒದರವ್ರು.
ಕಾಯಿತಾನ್ ಸರ್ ಮ್ಯಾಲೆ ಒಬ್ಬೊಬ್ಬರದು ಒಂದೊಂದು ದೂರು:
ಗೆಲ್ಲೋ ಮ್ಯಾಚಿನ್ಯಾಗ ನಮ್ಮ ಡ್ವೇನ್‌ನ ಹೊರಗ ಕರದ.
ಎಡಗಾಲು ಬಲಗಾಲು ತಿಳೀದವನ ಒಳಗ ಬಿಟ್ಟ.
ದನಕ್ಕ ಒದರಿದಂಗ ಒದರತಾನ.
ಫೀ ತುಂಬೂದು ಬೈಸಿಕೊಳ್ಳಾಕೇನು?

ನಂದೇನೂ ದೂರಿಲ್ಲ.
ನನ್ನ ಮಾಳಿಂಗರಾಯಗೂ ಅಷ್ಟಽ ಬೈತಾನ,
ಒಂದು ಮಾತು ಕಮ್ಮಿಲ್ಲ, ಒಂದು ಹೆಚ್ಚಿಲ್ಲ.
ಜುವಾರಿನಗರದ ಚಾಳಿಂದ ಬಂದವ್ರಿಗೆ
ಬೈಗುಳ ಬ್ಯಾರೆ ಇರ್ತಾವ ಇಲ್ಲಿ.
ಹದಿನಾರು ವರ್ಷ ಕೇಳೇನಿ, ವಾಸನಿ ಹಿಡೀತೇನಿ.
ಈತನ ಬೈಗುಳದಾಗ ಅದಿಲ್ಲ.
'ಮಲಿಂಗ್ರಾಯ್! ಕಣ್ಣು ಚೆಂಡಿನ ಮ್ಯಾಲೆ!'
ಪೂರಾ ಹೆಸರು. ತಪ್ಪು, ಖರೆ ಪೂರಾ.

ಬೂಟಿಲ್ಲಂತ ಮೊದಲ ಗೋಲಿಗೆ ನಿಂದ್ರಿಸಿದ್ದ.
ಬೂಟು ಬಂದ ಮ್ಯಾಲೂ ಮಗ ಅಲ್ಲಿಂದ ಕದಲಲಿಲ್ಲ.

ಆ ಆದಿತ್ವಾರ ಏನಾತೋ, ನಾನೂ ಒದರಿದೆ.
'ಮುಂದ ಬಾರೋ! ಹಿಂದ ಹೋಗೋ!'
ಎರಡೂ ಒಮ್ಮೆಲೆ.
ಸರ್ ನಡಕೋತ ಬಂದ. ಬೈಸಿಕೊಳ್ಳಾಕ ತಯಾರಾಗಿ ನಿಂತೆ.
ಹಳದಿ ಬಾವುಟ ಕೈಯಾಗಿಟ್ಟ.
'ಲೈನ್ಸ್‌ಮನ್ ಬಂದಿಲ್ಲ. ಗೆರಿ ನಿನಗ ಗೊತ್ತು.
ಬಾವುಟ ಹಿಡದವ ಬಾಯಿ ಬಿಡಬಾರದು.'

ಬಾಯಿ ಮುಚ್ಚಿದ ಮ್ಯಾಲೆ ಆಟಽ ಬ್ಯಾರೆ.
ಹುಡುಗರು ತಮ್ಮೊಳಗ ಆಡೋ ಮಾತು ಕೇಳಸ್ತಾವ:
'ನಂದು', 'ತಗೋ', 'ಬಿಡು, ಮುಂದಿನ ಸಲ'.
ಡ್ವೇನ್ ಒದ್ದಾಗೊಮ್ಮೆ
ಚೆಂಡು ನೋಡಂಗಿಲ್ಲ,
ಅವ್ವನ ಕುರ್ಚಿ ಕಡೆ ನೋಡ್ತಾನ.
ಇಷ್ಟು ದಿನ ಕಂಡಿದ್ದಿಲ್ಲ ನನಗ.

ಕೊನಿ ಮಿನಿಟು. ಒಂದಕ್ಕ ಒಂದು.
ವೇಳ್ಸಾವದ ಗಿಡ್ಡ ಹುಡುಗ ಒದ್ದ.
ಮಗ ಜಿಗದ, ಹಿಡದ, ಎದಿಗವಚಿಕೊಂಡ,
ಕೆಮ್ಮಣ್ಣಾಗ ಹಿಂದಕ್ಕ ಜಾರಿದ,
ತಟ್ಟನ ಎದ್ದು ಮುಂದ ಬಂದ.
ಛತ್ರಿಗೋಳೆಲ್ಲಾ ಕುಣದ್ವು.
ದೂರಿದ್ದ ರೆಫ್ರಿ ನನ್ನ ಕಡೆ ನೋಡಿದ.

ಚೆಂಡು ಪೂರಾ ಗೆರಿ ದಾಟಿ
ಮ್ಯಾಲೆ ಎರಡು ಬೊಟ್ಟು.
ಒಂದು ಬೊಟ್ಟಾಗಿದ್ರ ಸುಳ್ಳು ಹೇಳ್ತಿದ್ನೇನೋ.

ಸಿಮೆಂಟಿನ ಚೀಲ ಎತ್ತೇನಿ ಎರಡು ಮಾಳಿಗಿತನಕ.
ಬಾವುಟಕ್ಕ ತೂಕಽ ಇಲ್ಲ.
ಅದಽ ತ್ರಾಸು.

ಮಂಗಳವಾರ ಕಾಗದ ಬಂತು.
ಕೋಚ್ ಬದಲಾಗಬೇಕು, ಹದಿನೇಳು ಸಹಿ.
ಕೆಲಸದ ಜಾಗಕ್ಕಽ ಬಂದು
ಡ್ವೇನ್‌ನ ಅಪ್ಪ 'ಇಲ್ಲೊಂದು ಹಾಕು' ಅಂದ, ಪೇನಾ ಚಾಚಿದ.
ಮನ್ಯಾಗ ನೋಡ್ತೇನ್ರಿ ಅಂತ ಇಸಕೊಂಡೆ.
ಆದಿತ್ವಾರದಿಂದ ಮಾತು ಬಿಟ್ಟಿದ್ದ ಮಗ
ಓದಿ ಓದಿ ಅರ್ಥ ಹೇಳಿದ.
ಕಾರಣ ನಾಕು.
ನಾಕನೇದು: ಕಂಡಕಂಡವರ ಕೈಗೆ ಬಾವುಟ ಕೊಡ್ತಾನ.
ಅದನ್ನ ಎರಡು ಸಲ ಓದಿದ.

ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿದ್ಲು.
ಕಿವಿ ಮ್ಯಾಲಿನ ಪೆನ್ಸಿಲ್ಲು
ಕಿವಿ ಮ್ಯಾಲಽ ಉಳೀತು.

ದೀಪ ಆರಿಸಿದ ಮ್ಯಾಲೆ ಕೇಳಿದ:
'ಅಪ್ಪಾ, ಎಷ್ಟು ದಾಟಿತ್ತು?'
ಕತ್ತಲಾಗ ಅವನ ಕೈ ಹುಡುಕಿ
ಅಂಗೈ ಮ್ಯಾಲೆ ಎರಡು ಬೊಟ್ಟಿಟ್ಟೆ,
ಸುಣ್ಣ ತಿಂದು, ಸಿಮೆಂಟ್ ತಿಂದು ದಪ್ಪಾದವು.
ತನ್ನೆರಡು ಬೊಟ್ಟು ಪಕ್ಕಕ್ಕಿಟ್ಟು
ತಡವಿ ತಡವಿ ಅಳದ.

'ಯಾರ ಬೊಟ್ಟು?' ಅಂದ.
'ನಿಂದೋ, ನಂದೋ?'