ಉಸುಲು

ಎಕ್ಸ್‌ರೇ ಕೋಣೆಯ ಎದುರು, ಗುಳಿಗೆ ಕೊಡುವ ಕಿಟಕಿಯ ಬಗಲಿಗೆ
ನನ್ನದೊಂದು ಸಣ್ಣ ಖೋಲಿ.
ಬಾಗಿಲ ಮೇಲೆ 'ಮಾನಸಿಕ' ಎಂದು ಬರೆಸಿದ ಮೇಲೆ
ಮೂರು ವಾರ ಯಾರೂ ಬರಲಿಲ್ಲ.
ನಾಲ್ಕನೆಯ ವಾರ ಬ್ಲೇಡಿನಿಂದ ಅಕ್ಷರ ಕೆರೆದೆ.
ಈಗ ಬರೀ ಹದಿನೇಳನೆಯ ನಂಬರು.
ಬರುವವರು ಓಣಿಯಲ್ಲಿ ಹೇಳಿ ಬರುತ್ತಾರೆ:
ಬಿಪಿ ತೋರ್ಸಲಾಕ ಹೊಂಟೀನಿ.

ಅನಸೂಬಾಯಿ ಬಂದದ್ದು ಏಪ್ರಿಲಿನ ಮಂಗಳವಾರ,
ಕಪನೂರಿನ ದಾಲ್‌ಮಿಲ್ಲಿನಿಂದ, ಅರ್ಧ ದಿನದ ಪಗಾರ ಬಿಟ್ಟು.
ರೆಪ್ಪೆಯ ಮೇಲೆ ಇನ್ನೂ ತೊಗರಿಯ ಹೊಟ್ಟು.
ಕುರ್ಚಿ ತೋರಿಸಿದೆ.
ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೇ ಕೂತಳು.
ಮೊದಲ ಪ್ರಶ್ನೆ ಅವಳದೇ:
"ನೀವ್ ಯಾರ ಪೈಕಿರಿ, ಬಾಯೋರ?"

ಧಾರವಾಡದ ತರಗತಿಯಲ್ಲಿ ಕಲಿಸಿದ್ದರು,
ಈ ಕುರ್ಚಿಯಲ್ಲಿ ಕೂತವರಿಗೆ ಮನೆತನ ಇರುವುದಿಲ್ಲ,
ಕನ್ನಡಿಯ ಹಾಗಿರಬೇಕು ಎಂದು.
ಕನ್ನಡಿಯೂ ಯಾರದೋ ಮನೆಯ ಮೊಳೆಗೆ
ತೂಗಿರುತ್ತದೆ ಎಂದು ಅಲ್ಲಿ ಯಾರೂ ಹೇಳಲಿಲ್ಲ.
ಹೇಳಿದೆ. ಬ್ರಹ್ಮಪೂರ. ಗಂಜಿನಲ್ಲಿ ಅಪ್ಪನ ಅಡತಿ ಅಂಗಡಿ.
"ಹಂಗಾದ್ರ ನಮ್ಮ ಧೂಳ ನಿಮಗ ಗೊತ್ತದ."
ಗೊತ್ತಿರಲಿಲ್ಲ.
ನನ್ನ ಫೀಸು ಅದೇ ತೊಗರಿಯಿಂದ ಬಂದದ್ದಷ್ಟೇ ಗೊತ್ತಿತ್ತು.

ಫಾರಂ ತೆಗೆದೆ. ಒಂಬತ್ತು ಪ್ರಶ್ನೆ.
ಕಳೆದ ಎರಡು ವಾರಗಳಲ್ಲಿ ನಿಮಗೆ
ನಿರಾಸಕ್ತಿ, ಹತಾಶೆ, ಖಿನ್ನತೆ...
"ಖಿನ್ನತಿ? ತಿನ್ನಾದೇನ್ರಿ ಅದು?"
ಅವಳು ನಕ್ಕಳು. ತಡವಾಗಿ ನಾನೂ.
ಪೆನ್ನಿನ ಟೊಪ್ಪಿಗೆ ಮುಚ್ಚಿ ಕೇಳಿದೆ, ಏನ್ ಆಗ್ತದ, ನೀವೇ ಹೇಳ್ರಿ.

"ಎದಿ ಬಡಬಡ ಅಂತದ.
ಕುಕ್ಕರ್ ಸೀಟಿ ಹೊಡಿಯೂಕಿಂತ ಮೊದಲ
ಒಳಗ ಹೆಂಗ ಗುದುಗುದು ಅಂತದ, ಹಂಗ.
ಸೀಟೀನೇ ಬರಂಗಿಲ್ರಿ."
ಹಾಳೆಯಲ್ಲಿ ಅದಕ್ಕೆ ಚೌಕ ಇರಲಿಲ್ಲ.
ಅಂಚಿನಲ್ಲಿ ಬರೆದುಕೊಂಡೆ: ಸೀಟಿ ಬರುವುದಿಲ್ಲ.

ಆಮೇಲೆ ಕಲಿತದ್ದನ್ನೇ ಮಾಡಿದೆ.
ಕಣ್ಣು ಮುಚ್ಚಿ. ಹೊಟ್ಟೆಯ ಮೇಲೆ ಕೈ ಇಡಿ.
ಆಳವಾಗಿ ಉಸಿರು ತೆಗೆದುಕೊಳ್ಳಿ, ನಾಲ್ಕು ಎಣಿಸಿ.
ದಿನಕ್ಕೆ ಮೂರು ಸಲ. ಕೆಲಸದ ಜಾಗದಲ್ಲೂ.

ಅನಸೂಬಾಯಿ ಕಣ್ಣು ತೆರೆದಳು.
"ಮಿಲ್ಲಿನ್ಯಾಗ ಉದ್ದ ಉಸುಲು ತಗೋಬಾರದ್ರಿ.
ಸೆರಗ ಮೂಗಿಗಿ ಕಟ್ಕೊಂಡು
ತುಸು ತುಸು ತಗೋತೀವಿ, ಕೈಗಡ ಇಸ್ಕೊಂಡಂಗ.
ಉದ್ದ ತಗೊಂಡಾಕಿ ಅಕಾ ಅಲ್ಲಿ ಕುಂತಾಳ ನೋಡ್ರಿ,
ಎಕ್ಸ್‌ರೇ ಮುಂದ. ನಮ್ಮ ಮಾಲನಬಿ."
ಬಾಗಿಲ ಸಂದಿಯಿಂದ ಕೆಮ್ಮು ಒಳಗೆ ಬಂತು.

ನೀರು ಕೊಟ್ಟೆ. ಕುಡಿಯಲಿಲ್ಲ.
ಸಂಕೋಚವೆಂದುಕೊಂಡೆ. ಲೋಟದ ಹಳೆಯ ಕಥೆಯೆಂದುಕೊಂಡೆ.
ಓದಿದವರಿಗೆ ಅರ್ಥಗಳ ಬರ ಇಲ್ಲ.
"ಹಂಗೇನಿಲ್ರಿ. ಹೊಳ್ಳಿ ಕೆಲಸಕ್ಕ ಹೋಗಬೇಕು.
ಅಲ್ಲಿ ಹೆಣ್ಮಕ್ಕಳಿಗಿ ಸಂಡಾಸ ಇಲ್ಲ.
ಮುಂಜಾನಿ ಎಂಟರಿಂದ ಸಂಜಿ ತನಕ
ಒಂದ್ ಹನಿ ಕುಡಿಯಂಗಿಲ್ಲ ನಾವು."

ಹೊರಗೆ ನಲವತ್ಮೂರು ಡಿಗ್ರಿ.
ತಲೆಶೂಲೆ, ನಿದ್ದೆಗೇಡು, ಎದೆಬಡಿತ, ಸಿಡುಕು:
ನಾನು ಮನಸ್ಸಿನ ಖಾತೆಗೆ ಬರೆದದ್ದು
ಯಾರೋ ಕಟ್ಟದೇ ಬಿಟ್ಟ ನಾಲ್ಕು ಗೋಡೆಗಳ ಲೆಕ್ಕ.
ಎಲ್ಲವೂ ಅಲ್ಲ.
ನಾಲ್ಕನೆಯ ಸಲ ಬಂದಾಗ ಇನ್ನೊಂದು ಮಾತು ಹೇಳಿದಳು.
ಅದು ಹದಿನೇಳನೆಯ ನಂಬರಿನಾಚೆ ಹೋಗುವುದಿಲ್ಲ.
ಈ ಕವಿತೆಗೂ ಇಲ್ಲ.

ಕಾರ್ಮಿಕ ಇಲಾಖೆಗೆ ಅರ್ಜಿ ಬರೆದೆವು.
ಇಪ್ಪತ್ತೊಂದು ಹೆಬ್ಬೆಟ್ಟು, ಆರು ಸಹಿ, ನನ್ನದೊಂದು.
ಮರುದಿನವೇ ಅಪ್ಪನ ಫೋನು:
"ಆ ಮಿಲ್ಲಿನ ಸಾವುಕಾರ ನಮ್ಮ ಹಳೇ ಗಿರಾಕಿ.
ನಿನಗ ಮನಸ್ಸಿನ ಡಾಕ್ಟರಕಿ ಸಾಕಲ್ಲ, ಸಂಡಾಸದ ಉಸಾಬರಿ ಯಾಕ?"
ನನ್ನ ಎದೆಯೂ ಬಡಬಡ ಎಂದಿತು.
ಸೀಟಿ ಬರಲಿಲ್ಲ.

ಅನಸೂಬಾಯಿ ಈಗ ಉಸುಲಿನ ಪಾಠ ಮಾಡುವುದು
ರಾತ್ರಿ, ಮಾಳಿಗೆಯ ಮೇಲೆ, ಹೊಟ್ಟು ತೊಳೆದುಕೊಂಡ ಮೇಲೆ.
ನಾಲ್ಕು ಎಣಿಸುವುದಿಲ್ಲವಂತೆ.
ಗಾಳಿ ಇದ್ದಷ್ಟು.

ಅರ್ಜಿಗೆ ಉತ್ತರ ಬಂದಿಲ್ಲ.
ಖೋಲಿಗೆ ಒಂದು ಜಮಖಾನ ಬಂದಿದೆ, ನಾನೂ ನೆಲಕ್ಕೆ ಕೂಡುತ್ತೇನೆ,
ಮೊಣಕಾಲು ಇನ್ನೂ ರೂಢಿಯಾಗಿಲ್ಲ.
ಫಾರಂನ ಕೆಳಗೆ ಪೆನ್ಸಿಲಿನಲ್ಲಿ
ಹತ್ತನೆಯ ಪ್ರಶ್ನೆ ಬರೆದುಕೊಂಡಿದ್ದೇನೆ:
ನೀರು ಎಲ್ಲಿ ಕುಡೀತೀರಿ?
ಕುಡಿದು, ಎಲ್ಲಿ ಹೋಗ್ತೀರಿ?