ಹಾಲಿ ವಾಸ

ನಾನು ಗುಮಾಸ್ತ. ಶಿಡ್ಲಘಟ್ಟದ ಕೋರ್ಟಿನೆದುರು
ಹೊಂಗೆ ಮರದ ಕೆಳಗೆ ಹತ್ತೊಂಬತ್ತು ವರ್ಷ
ಬೇರೆಯವರ ಕಷ್ಟ ಟೈಪು ಮಾಡಿದವನು.
'ಅರ್ಜಿದಾರರು ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ'
ಎಂಬ ಸಾಲನ್ನು ನಿದ್ದೆಯಲ್ಲೂ ತಪ್ಪಿಲ್ಲದೆ ಹೊಡೆಯಬಲ್ಲೆ.

ಪಿಳ್ಳಮ್ಮ ಮೇಡಂ ಅದರ ಮೇಲೆ ಗೆರೆ ಎಳೆಯುತ್ತಾರೆ.
'ಬೇಡೋದು ಬೇಡ ದ್ಯಾವಪ್ಪ.
ಕೇಳುವುದೇನೆಂದರೆ, ಅಂತ ಹಾಕಿ.'

ಶಿವರಾತ್ರಿ ಹೊತ್ತಿಗೆ ಅಮಾನುಲ್ಲಾನ ಮನೆ ಬಾಗಿಲಿಗೆ
ಫೈನಾನ್ಸಿನವರು ಇಂಗ್ಲಿಷ್ ಕಾಗದ ಅಂಟಿಸಿದರು.
ಅವನ ಹೆಂಡತಿ ಷಹತಾಜ್ ಅದನ್ನು
ಮೈದಾ ಅಂಟು ಒಣಗುವ ಮುಂಚೆ ಸುಲಿದು
ದುಪಟ್ಟಾದಲ್ಲಿ ಮುಚ್ಚಿ ತಂದಳು.
ಕಾಗದದ ಬೆನ್ನಿಗೆ ಬಾಗಿಲ ಹಸಿರು ಬಣ್ಣ
ಅಂಗೈಯಗಲ ಕಿತ್ತು ಬಂದಿತ್ತು.

ಮೇಡಂ ತಾರೀಖು ಎಣಿಸಿದರು, ಬೆರಳ ಗೆಣ್ಣಿನ ಮೇಲೆ,
ನಮ್ಮಜ್ಜಿ ಹುಳ ಹಣ್ಣಾಗುವ ದಿನ ಎಣಿಸುತ್ತಿದ್ದ ಹಾಗೆ.
ಅರವತ್ತು ದಿನ ಕೊಡಬೇಕು. ಐವತ್ಮೂರಕ್ಕೇ ಬಂದಿದ್ದಾರೆ.
ಏಳು ದಿನ.
ಒಂದಿಡೀ ಮನೆಯನ್ನು ಏಳು ದಿನದ ಸಂದಿಯೊಳಗೆ ತೂರಿಸಿ
ಆಚೆ ಕಡೆಯಿಂದ ಎಳೆದುಕೊಂಡರು ಮೇಡಂ,
ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿಗೆ
ನಾಲ್ಕು ಸಲ ಬೆಳಗಿನ ಐದೂವರೆ ಬಸ್ಸು ಹತ್ತಿ.
ತಡೆಯಾಜ್ಞೆ ಬಂತು. ಗೆಲುವಲ್ಲ ಅದು,
ಎಂಟು ವಾರದೊಳಗೆ ಕಾಲು ಭಾಗ ಕಟ್ಟಬೇಕು.
ಆದರೂ ಆ ಸಂಜೆ ರಾಟೆ ತಿರುಗಿತು,
ಬಿಸಿನೀರಲ್ಲಿ ಗೂಡು ಕುಣಿದವು,
ಬೀದಿಗೆಲ್ಲ ಬೆಂದ ಹುಳದ ವಾಸನೆ.

ಗೂಡು ಅಂತಲೇ ಅನ್ನುತ್ತೇವೆ ನಾವು.
ಮಾರ್ಕೆಟ್ಟಿನಲ್ಲಿ ಕೆಜಿ ಲೆಕ್ಕ, ದಿನಾ ಹರಾಜು,
ಕಟ್ಟಿದ್ದು ಯಾವ ಜಾತಿ ಹುಳವೆಂದು ಕೇಳಿ ರೇಟು ಹೇಳುತ್ತಾರೆ.

ಮೇಡಂ ಇದ್ದ ಮನೆ ಈ ನಡುವೆ ಮಾರಾಟವಾಯಿತು.
ಹನ್ನೊಂದು ಮನೆ ನೋಡಿದರು. ಐದಕ್ಕೆ ನಾನೂ ಜೊತೆಗಿದ್ದೆ.
ಲಾಯರಾ? ಬನ್ನಿ ಬನ್ನಿ, ಕೂತ್ಕೊಳ್ಳಿ.
ಬೋರಿದೆ, ಸೋಲಾರಿದೆ, ಗಾಡಿ ಒಳಗೇ ನಿಲ್ಲಿಸಬಹುದು.
ಊರು ಯಾವ್ದು ಅಂದ್ರಿ?
ಊರಲ್ಲಿ ಯಾವ ಕಡೆ ಮನೆ?
ನಮಗೇನಿಲ್ಲಮ್ಮ, ನಮ್ಮತ್ತೆ ಸ್ವಲ್ಪ ಹಳೇ ಕಾಲದವರು.
ಅಷ್ಟರಲ್ಲಿ ಕಾಫಿ ಬಂತು.
ಮೇಡಂಗೆ ಪೇಪರ್ ಲೋಟ, ನನಗೆ ಸ್ಟೀಲು.

ನಾನು ಕುಡಿದೆ.
ಅದನ್ನಿಲ್ಲಿ ಬರೆಯಬೇಕು. ಕುಡಿದೆ.

ಮೇಡಂ ಅಲ್ಲಿ ಕಾನೂನು ಹೇಳಲಿಲ್ಲ. ಗೇಟಿನಾಚೆ ನಿಂತು
ಡೈರಿಯಲ್ಲಿ ಬರೆದುಕೊಂಡರು: ತಾರೀಖು, ಹೊತ್ತು,
ಆಡಿದ ಮಾತು ಆಡಿದ ಹಾಗೇ, ಲೋಟ.
'ಒಂದಿನ ಬೇಕಾಗುತ್ತೆ. ಸಾಕ್ಷಿ ನೀವೇ.'

ನಮ್ಮನೆ ಮೇಲಿನ ಪೋರ್ಷನ್ ದೀಪಾವಳಿಯಿಂದ ಖಾಲಿ.
ಒಂದು ಹಾಲು, ಒಂದು ರೂಮು, ಬಚ್ಚಲಲ್ಲಿ ತಾಮ್ರದ ಹಂಡೆ.
ಮೇಡಂ ಹುಡುಕಲು ಶುರುಮಾಡಿದ ವಾರ
'ಮನೆ ಬಾಡಿಗೆಗೆ ಇದೆ' ಬೋರ್ಡು ತೆಗೆದವನು ನಾನೇ.
ತೆಗೆ ಅಂತ ಯಾರೂ ಹೇಳಿರಲಿಲ್ಲ.
ಹೆಂಡತಿ ಏನಾದರೂ ಅಂದಾಳು ಎಂದುಕೊಂಡೆ,
ಅವಳನ್ನು ಕೇಳಲೂ ಇಲ್ಲ.
ಸುತಳಿ ಬಿಚ್ಚಲು ಬರಲಿಲ್ಲ, ಕುಯ್ದೆ.
ಗ್ರಿಲ್ಲಿನಲ್ಲಿ ಗಂಟು ಈಗಲೂ ಇದೆ.

ಕಡೆಗೆ ಅಮಾನುಲ್ಲಾ ಹೇಳಿದ, ನೆಲ ನೋಡುತ್ತ:
'ರಾಟೆ ಮನೆ ಮೇಲೊಂದು ಕೋಣೆ ಇದೆ ಮೇಡಂ.
ವಾಸನೆ ಬರುತ್ತೆ.
ಎಷ್ಟು ದಿನ ನಮ್ಮದಾಗಿರುತ್ತೋ, ಅದೂ ಗೊತ್ತಿಲ್ಲ.'

ಅಡ ಬಿದ್ದ ಮನೆಗೆ ಬಾಡಿಗೆ ಹೋಗುವುದು ಜಾಣತನವಲ್ಲ.
ಕಕ್ಷಿದಾರನೇ ಮಾಲೀಕನಾದರೆ
ಎದುರು ವಕೀಲ ಸುಮ್ಮನೆ ಬಿಡುವವನಲ್ಲ.
ಮೇಡಂಗೆ ಇದೆಲ್ಲ ನನಗಿಂತ ಗೊತ್ತು. ನಕ್ಕರು.
'ಕರಾರು ಹೊಡೀರಿ.'

ನೂರರ ಛಾಪಾ ಕಾಗದ ಮಿಷನ್ನಿಗೆ ಏರಿಸಿದೆ.
ಮಾಲೀಕರು: ಅಮಾನುಲ್ಲಾ ಬಿನ್ ಹಯಾತ್ ಸಾಬ್.
ಬಾಡಿಗೆದಾರರು: ಪಿಳ್ಳಮ್ಮ ಬಿನ್ ಲೇಟ್ ಮುನಿಶಾಮಿ,
ವಯಸ್ಸು ನಲವತ್ತೊಂದು, ವೃತ್ತಿ ವಕೀಲರು,
ಹಾಲಿ ವಾಸ

ಬೆರಳು ನಿಂತಿತು.
ತಲೆ ಎತ್ತದೆ ಕೇಳಿದೆ: 'ಇಲ್ಲೇನು ಹಾಕಲಿ?'

ಮೇಡಂ ಫೈಲಿಗೆ ದಾರ ಸುತ್ತುತ್ತಿದ್ದರು.
'ಖಾಲಿ ಬಿಡಿ ದ್ಯಾವಪ್ಪ,' ಅಂದರು,
'ನಿಮಗೆ ಅಭ್ಯಾಸ ಇದೆಯಲ್ಲ.'